ಮುಳ್ಳಿನ ಕೆಳಗೆ

ಮೂವತ್ತೊಂದು ವರ್ಷ ಮುಳ್ಳು ನೋಡಿ ಉಂಡವನು ನಾನು,
ಗದಗ ಮಾರ್ಕೆಟ್ಟಿನ ದೊಡ್ಡ ಕಾಟಾದ ಮುಂದೆ.
ಹೆಸರಿನ ಚೀಲ, ಒಣಮೆಣಸಿನಕಾಯಿ, ಹತ್ತಿಯ ಅಂಡಿಗೆ,
ಮುಳ್ಳು ನಡುಗುವುದು ನಿಲ್ಲುವ ತನಕ
ದಲಾಲರು ಎಷ್ಟೇ ಕೂಗಲಿ, ಪೆನ್ನು ಎತ್ತಿದವನಲ್ಲ.

ಈಗ ಬೆಟಗೇರಿಯ ಮನೆಯಲ್ಲಿ ಇನ್ನೊಂದು ಮುಳ್ಳು.
ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಪ್ಲೇಯರು,
ಜೊತೆಗೆ ಹನ್ನೊಂದು ಪ್ಲೇಟು. ಒಂದಕ್ಕೆ ಹೊದಿಕೆ ಇಲ್ಲ,
ನಡುವಿನ ಚೀಟಿಯನ್ನು ಗೆದ್ದಲು ಓದಿ ಮುಗಿಸಿದೆ.
ಯಾರೋ ಒಬ್ಬಾಕೆ ಮಾರವಾ ಹಾಡುತ್ತಾಳೆ.

ಗೋಡೆಯಾಚೆ ಅಂಬಾಸಾನ ಎರಡು ಮಗ್ಗ.
ಲಾಳಿ ಹೊಡೆದಾಗೊಮ್ಮೆ ನೆಲ ಮೈ ಕೊಡವುತ್ತದೆ,
ನೆಲದಿಂದ ಮೇಜಿಗೆ, ಮೇಜಿನಿಂದ ಪೆಟ್ಟಿಗೆಗೆ.
ಮುಳ್ಳು ಗೆರೆ ದಾಟಿ ಹಾರುತ್ತದೆ,
ಕೋಮಲ ರಿಷಭದಿಂದ ಮೆಲ್ಲಗೆ ಹೊರಟವಳು
ನಡುವಿನ ದಾರಿಯನ್ನೇ ನುಂಗಿ
ತಾರಷಡ್ಜದಲ್ಲಿ ಎದ್ದು ನಿಂತಿರುತ್ತಾಳೆ.

ಹೋಗಿ ಹೇಳಿದೆ. ಅಂಬಾಸಾ ಎಳೆ ಗಂಟು ಹಾಕುತ್ತಲೇ ನಕ್ಕ:
"ಮಗ್ಗ ನಿಂದರಸ್ಲೇನ್ರಿ ಕಾಟಾದೋರ? ನಿಂದರಸ್ತೀನಿ.
ತಾಸಿಗೆ ಅರ್ಧ ಸೀರಿ ನೀವ ಕೊಳ್ಳೂದಾದ್ರ."

ಕರೆಂಟು ಹೋದರೆ ಮಗ್ಗ ಸುಮ್ಮನಾಗುತ್ತದೆ ನಿಜ.
ಆಗ ನನ್ನದೂ ತಿರುಗುವುದಿಲ್ಲ.
ಇಬ್ಬರದೂ ಒಂದೇ ಕಂಬದ ತಂತಿ.

ಮೊದಲು ಶಹಾಬಾದಿ ಕಲ್ಲು ಹಾಸಿದೆ, ಎರಡು ಪದರ.
ಭಾರ ಇದ್ದದ್ದು ಅಲುಗುವುದಿಲ್ಲ ಎಂದು
ಇಷ್ಟು ವರ್ಷದ ನೌಕರಿ ಕಲಿಸಿತ್ತು.
ಕಲ್ಲು ನೆಲದ ಚಾಡಿಯನ್ನು
ಇನ್ನಷ್ಟು ಬಿಡಿಸಿ ಹೇಳಿತು.

ಮೋದಿನಸಾಬ ನದಾಫ ಹತ್ತಿ ಹಿಂಜಿ ದಿಂಬು ಹೊಲಿದು ಕೊಟ್ಟ.
ಪೆಟ್ಟಿಗೆ ಅದರ ಮೇಲೆ ಬಾಣಂತಿಯ ಹಾಗೆ
ಒಂದು ಮಗ್ಗುಲಿಗೆ ಮಲಗಿತು.
ಮರಳು ತುಂಬಲು ಹಿಟ್ಟಿನ ಪರಾತ ಒಯ್ದೆ,
ರೊಟ್ಟಿಯಲ್ಲಿ ಮೂರು ದಿನ ಕರಕರ.
ಟೆನಿಸ್ ಚೆಂಡು ಸೀಳಿ ನಾಲ್ಕು ಮೂಲೆಗೆ ಇಟ್ಟೆ,
ಮೊಮ್ಮಗ ಮಾತು ಬಿಟ್ಟ.

ಕೊನೆಗೆ ಸೈಕಲ್ಲಿನ ಹಳೆಯ ಟ್ಯೂಬು.
ಗಾಳಿ ಅರ್ಧ, ಒತ್ತಿದರೆ ಬೆರಳು ಮುಳುಗುವಷ್ಟು.
ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಪೆಟ್ಟಿಗೆ,
ಎಡಕ್ಕೆ ವಾಲಿದ್ದಕ್ಕೆ ಬಲಕ್ಕೊಂದು ಅರ್ಧ ಕಿಲೋ ಕಲ್ಲು
(ನಿವೃತ್ತಿಯ ದಿನ ಕಿಸೆಯಲ್ಲಿ ಉಳಿದುಬಂದದ್ದು,
ಕಳವಲ್ಲ, ಮರೆವು).
ಬಟ್ಟಲು ನೀರಿಟ್ಟು ಬಗ್ಗಿ ನೋಡಿದೆ.
ಆಚೆ ಎರಡೂ ಮಗ್ಗ ಕುಣಿಯುತ್ತಿವೆ,
ಮೇಜು ತೊಡೆಯ ಹಾಗೆ ನಡುಗುತ್ತಿದೆ,
ನೀರಿನಲ್ಲಿ ಬಲ್ಬು ಬಲ್ಬಿನ ಹಾಗೇ ಇದೆ.

ಹಾಡು ಹಚ್ಚಿದೆ.
ರಿಷಭ. ಅಲ್ಲೇ ನಿಂತಳು. ನಿಂತೇ ಇದ್ದಳು.
ಅಷ್ಟು ಹೊತ್ತು ಆಕೆ ಅಲ್ಲಿ ಕಾಯುತ್ತಾಳೆಂದು
ನನಗೆ ಈ ತನಕ ತಿಳಿದಿರಲಿಲ್ಲ.
ಆಮೇಲೆ, ಧಪ್.

ತೆಗೆದು ಮತ್ತೆ ಹಚ್ಚಿದೆ. ಅದೇ ಜಾಗ, ಧಪ್.
ಟ್ಯೂಬು ಒತ್ತಿ ನೋಡಿದೆ, ಅಂಬಾಸಾನನ್ನು ಬೈದೆ.
ಅಮಾವಾಸ್ಯೆ ಬಂತು, ಮಗ್ಗಕ್ಕೆ ರಜೆ,
ಗೋಡೆಗೆ ಕಿವಿ ಹಚ್ಚಿದರೆ ಸುಣ್ಣದ ತಂಪು ಮಾತ್ರ.
ಈಚೆ ಪ್ಲೇಟಿನಲ್ಲಿ, ಧಪ್.

ರಜೆಯವನನ್ನೇ ಕರೆದು ಕೂಡಿಸಿದೆ.
ಕಣ್ಣು ಮುಚ್ಚಿ ಕೇಳಿದ, ಎಳೆ ಹರಿದದ್ದನ್ನು
ಸದ್ದಿನಲ್ಲೇ ಹಿಡಿಯುವ ಮನುಷ್ಯ.
"ಇದು ಮಗ್ಗದ್ದಲ್ಲ ಬಿಡ್ರಿ.
ಬಾಗಲಾ ಹಾಕಿದ್ದು. ಯಾರೋ ಸಿಟ್ಟಿಲೆ ಎದ್ದ ಹೋದ್ರು.
ಕೇಳ್ರಿ, ಆಕಿ ಉಸರ ತಪ್ಪಿದಳು,
ತಪ್ಪಿದ್ದ ಗೊತ್ತಾಗಬಾರ್ದಂತ ಸುರ ಸ್ವಲ್ಪ ಒತ್ತಿದಳು."

ಎಲ್ಲಿಯ ಕೋಣೆಯೋ, ಯಾರ ಸಿಟ್ಟೋ,
ಮೇಣದಲ್ಲಿ ಕೊರೆದು ಹೋಗಿದೆ.
ಅದರ ಕೆಳಗೆ ಯಾವ ರಬ್ಬರು ತೂರಿಸಲಿ?
ಮುಳ್ಳು ನಡುಗದೆ ನಿಂತಿದ್ದರಿಂದಲೇ ಸಿಕ್ಕ ತೂಕ,
ಬರೆದುಕೊಳ್ಳಲು ಪಾವತಿ ಪುಸ್ತಕವಿಲ್ಲ.

ಟ್ಯೂಬು ನಾಲ್ಕು ದಿನಕ್ಕೊಮ್ಮೆ ಸೊರಗುತ್ತದೆ.
ಸಂಜೆ ಲಾಳಿ ಕೆಳಗಿಟ್ಟು, ತೋಳಿನ ದಾರ ಕೊಡವಿಕೊಳ್ಳುತ್ತ
ಅಂಬಾಸಾ ಬರುತ್ತಾನೆ, ಕೈಯಲ್ಲಿ ಪಂಪು.
"ಆ ಬಾಗಲದ್ದ ಹಚ್ಚರಿ" ಅನ್ನುತ್ತಾನೆ.
ಇನ್ನೇನು ಬರಬೇಕು ಅನ್ನುವಾಗ ಬೆರಳೆತ್ತುತ್ತಾನೆ.